ಹಗ್ಗ ಎಳೆಯುವ ಮೊದಲು

ಹಳೆಯ ಚೈನ್‌ಸಾ, ಅಂದರೆ ಮರ ಕೊಯ್ಯುವ ಯಂತ್ರಗರಗಸ, ಕೈಗೆ ಸಿಕ್ಕ ಕೂಡಲೇ ಎಲ್ಲರೂ ಮಾಡುವುದು ಒಂದೇ ಕೆಲಸ: ಸ್ಟಾರ್ಟರ್ ಹಗ್ಗ ಎಳೆದು ನೋಡುವುದು. ನಾನೂ ಮೊದಮೊದಲು ಹಾಗೇ ಮಾಡುತ್ತಿದ್ದೆ. ಈಗ ಮಾಡುವುದಿಲ್ಲ. ಇಪ್ಪತ್ತು ಮೂವತ್ತು ವರ್ಷ ಮೂಲೆಯಲ್ಲಿ ಬಿದ್ದಿದ್ದ ಎಂಜಿನ್ನಿನ ಹೊಟ್ಟೆಯಲ್ಲಿ ಏನಿದೆ ಎಂದು ಹೊರಗಿನಿಂದ ಹೇಳಲಾಗದು. ಕಣಜ ಕಟ್ಟಿದ ಮಣ್ಣಿನ ಗೂಡು ಇರಬಹುದು, ತುಕ್ಕು ಹಿಡಿದ ಬೇರಿಂಗ್ ಇರಬಹುದು, ಮುರಿದ ಪಿಸ್ಟನ್ ರಿಂಗಿನ ಚೂರು ಇರಬಹುದು. ಅಷ್ಟು ವರ್ಷ ಹೇಗೋ ಉಳಿದುಕೊಂಡು ಬಂದ ಸಿಲಿಂಡರ್, ನಮ್ಮ ಒಂದು ಎಳೆತಕ್ಕೆ ಗೀರಿ ಹಾಳಾಗುತ್ತದೆ.

ಆದ್ದರಿಂದ ಮೊದಲು ಸೈಲೆನ್ಸರ್ ಬಿಚ್ಚುತ್ತೇನೆ. ಎರಡೋ ಮೂರೋ ಸ್ಕ್ರೂ ಅಷ್ಟೆ. ಸ್ಪಾರ್ಕ್ ಪ್ಲಗ್ ತೆಗೆದು, ಫ್ಲೈವೀಲನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸುತ್ತ ಎಕ್ಸಾಸ್ಟ್ ಕಿಂಡಿಯೊಳಗೆ ಟಾರ್ಚ್ ಬಿಟ್ಟರೆ ಪಿಸ್ಟನ್ನಿನ ಪಕ್ಕೆ ಕಾಣುತ್ತದೆ. ಆ ಪಕ್ಕೆಯನ್ನು ಓದಲು ಕಲಿತವರಿಗೆ ಯಂತ್ರದ ಅರ್ಧ ಜಾತಕ ಅಲ್ಲೇ ಸಿಗುತ್ತದೆ. ಎಕ್ಸಾಸ್ಟ್ ಕಡೆ ಉದ್ದುದ್ದ ಗೀರುಗಳಿದ್ದರೆ ಯಾರೋ ಆಯಿಲ್ ಬೆರೆಸದ ಪೆಟ್ರೋಲ್ ಹಾಕಿ ಓಡಿಸಿದ್ದಾರೆ, ಇಲ್ಲವೇ ಎಲ್ಲೋ ಸೋರಿಕೆಯಾಗಿ ಗಾಳಿ ಹೆಚ್ಚು ಹೋಗಿ ಎಂಜಿನ್ ಕಾದು ಕೂತಿದೆ. ಪಿಸ್ಟನ್ನೇ ಒಳಗಾಳಿಯ ಕಿಂಡಿಯನ್ನು ತೆರೆದು ಮುಚ್ಚುವ ಪಿಸ್ಟನ್ ಪೋರ್ಟ್ ಎಂಜಿನ್ನಾದರೆ ಕಾರ್ಬ್ಯುರೇಟರ್ ಬಿಚ್ಚಿ ಒಳಗೆಳೆಯುವ ಕಡೆಯಿಂದಲೂ ನೋಡಬಹುದು. ಆ ಕಡೆ ಮಂಕಾಗಿ, ಉಪ್ಪುಕಾಗದ ಉಜ್ಜಿದ ಹಾಗೆ ಸವೆದಿದ್ದರೆ ಏರ್ ಫಿಲ್ಟರ್ ಹರಿದದ್ದನ್ನು ಯಾರೂ ಗಮನಿಸಿಲ್ಲ, ಧೂಳು ಒಳಗೆ ಹೋಗಿದೆ ಎಂದು ತಿಳಿಯಬೇಕು. ತಯಾರಕರು ಉಜ್ಜಿಬಿಟ್ಟ ಸಣ್ಣ ಅಡ್ಡಗೆರೆಗಳು ಪಿಸ್ಟನ್ ಮೇಲೆ ಇನ್ನೂ ಕಾಣುತ್ತಿದ್ದರೆ, ಹೊರಗಡೆ ಎಷ್ಟೇ ಜಿಡ್ಡು ಮೆತ್ತಿರಲಿ, ನನಗೆ ಖುಷಿಯಿಂದ ಅಂದಿನ ರಾತ್ರಿ ನಿದ್ದೆ ಬರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಗೋಣಿಚೀಲದಲ್ಲಿ ನನ್ನ ಕೈಸೇರಿದ ಗರಗಸ ಅಂಥದ್ದು. ಹೆಸರಿನ ಫಲಕ ಇಲ್ಲ. ಏರ್ ಫಿಲ್ಟರಿನ ಮುಚ್ಚಳ ಇಲ್ಲ. ಮೈತುಂಬ ಮರದ ಪುಡಿ ಮತ್ತು ಚೈನ್ ಆಯಿಲ್ ಸೇರಿ ಗಟ್ಟಿಯಾದ ಕಪ್ಪು ಹೊದಿಕೆ. ಕೊಟ್ಟ ಹಿರಿಯರಿಗೂ ಅದು ಯಾವ ಕಂಪನಿಯದು ಎಂದು ನೆನಪಿರಲಿಲ್ಲ. "ಒಂದು ಕಾಲದಲ್ಲಿ ಚೆನ್ನಾಗಿ ಕೊಯ್ಯುತ್ತಿತ್ತು" ಎಂದಷ್ಟೇ ಹೇಳಿದರು.

ಹೆಸರಿಲ್ಲದ ಗರಗಸವನ್ನು ಗುರುತಿಸುವುದೆಂದರೆ ನನಗೆ ಈ ಹವ್ಯಾಸದಲ್ಲೇ ಅತ್ಯಂತ ಪ್ರಿಯವಾದ ಭಾಗ. ಬಣ್ಣ ಹುಡುಕಬೇಕೆಂದರೆ ಬಿಸಿಲು ಮತ್ತು ಕೈ ತಾಗದ ಜಾಗಕ್ಕೆ ಹೋಗಬೇಕು. ಸ್ಟಾರ್ಟರ್ ಕವಚ ಬಿಚ್ಚಿದೆ. ಅದರ ಒಳ ಅಂಚಿನಲ್ಲಿ ಉಗುರಿನಷ್ಟಗಲ ನೀಲಿ ಉಳಿದಿತ್ತು. ಹಳೆಯ ಚೈನ್‌ಸಾಗಳಲ್ಲಿ ನೀಲಿ ಎಂದಕೂಡಲೇ ಮೊದಲು ನೆನಪಾಗುವುದು ಹೋಮ್‌ಲೈಟ್. ಅಮೆರಿಕದ ಈ ಕಂಪನಿ 1921ರಲ್ಲಿ ಶುರುವಾದದ್ದು ಗರಗಸ ಮಾಡಲಿಕ್ಕಲ್ಲ, ಹೊತ್ತೊಯ್ಯಬಹುದಾದ ಜನರೇಟರ್ ಮಾಡಲಿಕ್ಕೆ. ಮನೆಗೆ ವಿದ್ಯುತ್ ದೀಪ ಕೊಡುವ ಯಂತ್ರವೆಂಬ ಅರ್ಥ ಆ ಹೆಸರಿನಲ್ಲೇ ಇದೆ. ದೀಪದ ಹೆಸರು ಹೊತ್ತುಕೊಂಡೇ ಅದು ಕಾಡಿಗೆ ಹೋಯಿತು.

ಬಣ್ಣದಿಂದ ಕಂಪನಿ ಗೊತ್ತಾಗಬಹುದು, ಮಾದರಿ ಗೊತ್ತಾಗುವುದಿಲ್ಲ. ಹೋಮ್‌ಲೈಟ್‌ಗಳಲ್ಲಿ ಯುಟಿ ಎಂದು ಶುರುವಾಗುವ ಸಂಖ್ಯೆಯಿದ್ದರೆ ಕೆಲಸ ಸುಲಭ. ನನ್ನದರಲ್ಲಿ ಆ ಫಲಕವೇ ಹೋಗಿತ್ತು. ಹಾಗಾಗಿ ಅಳತೆಗೆ ಇಳಿದೆ. ಸಿಲಿಂಡರ್ ಬಿಚ್ಚಿ ಕ್ಯಾಲಿಪರ್ ಇಟ್ಟರೆ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 44.4 ಮಿ.ಮೀ. ಬಂತು. ಪಿಸ್ಟನ್ ಏರಿಳಿಯುವ ದೂರ 34.9 ಮಿ.ಮೀ. ಲೆಕ್ಕ ಹಾಕಿದರೆ 54 ಸಿ.ಸಿ. ಹೋಮ್‌ಲೈಟ್ ಎಕ್ಸ್‌ಎಲ್-12! ಇದರ ಅಣ್ಣ ಸೂಪರ್ ಎಕ್ಸ್‌ಎಲ್ ಹೊರಗಿನಿಂದ ಹೆಚ್ಚುಕಡಿಮೆ ಹೀಗೇ ಕಾಣುತ್ತದೆ. ಪಿಸ್ಟನ್ ಓಡುವ ದೂರವೂ ಅಷ್ಟೇ. ಆದರೆ ಬೋರ್ ಒಂದೂವರೆ ಮಿ.ಮೀ. ದೊಡ್ಡದು, 58 ಸಿ.ಸಿ. ಅಷ್ಟು ಸಣ್ಣ ಅಂತರ ಎರಡು ಯಂತ್ರಗಳನ್ನು ಬೇರೆ ಮಾಡುತ್ತದೆ. ಬಾರ್‌ಗೆ, ಅಂದರೆ ಚೈನ್ ಸುತ್ತಿ ಓಡುವ ಉದ್ದನೆಯ ಲೋಹದ ಪಟ್ಟಿಗೆ, ಎಣ್ಣೆ ಹಾಯಿಸಲು ಹೆಬ್ಬೆರಳಿನಿಂದ ಒತ್ತುವ ಗುಂಡಿ ಮಾತ್ರ ಇದ್ದದ್ದೂ ಈ ತೀರ್ಮಾನಕ್ಕೆ ಹೊಂದಿಕೊಂಡಿತು.

1963ರಲ್ಲಿ ಎಕ್ಸ್‌ಎಲ್-12 ಬಂದಾಗ ಅದರ ಹೆಸರಿನ 12 ಸುಮ್ಮನೆ ಇಟ್ಟದ್ದಾಗಿರಲಿಲ್ಲ. ಬಾರ್, ಚೈನ್ ಬಿಟ್ಟು ಯಂತ್ರದ ತೂಕ ಸುಮಾರು ಹನ್ನೆರಡು ಪೌಂಡ್, ಅಂದರೆ ಆರು ಕಿಲೋದೊಳಗೆ. ಇವತ್ತಿನವರಿಗೆ ಅದರಲ್ಲೇನು ವಿಶೇಷ ಅನಿಸಬಹುದು. 1949ರಲ್ಲಿ ಮೆಕಲಾಕ್ ಕಂಪನಿ 3-25 ಎಂಬ ಗರಗಸ ತಂದಾಗ ಅದು 25 ಪೌಂಡ್, ಹನ್ನೊಂದು ಕಿಲೋ ಚಿಲ್ಲರೆ. ಒಬ್ಬನೇ ಎತ್ತಿ ಕೊಯ್ಯಬಹುದೆಂಬುದೇ ಆಗ ಅದರ ಹಿರಿಮೆ. ಅದಕ್ಕೂ ಹಿಂದಿನ ಯಂತ್ರಗಳು ಇಬ್ಬರ ಕೆಲಸ. ಒಬ್ಬ ಎಂಜಿನ್ ಕಡೆ, ಇನ್ನೊಬ್ಬ ಬಾರಿನ ತುದಿಯ ಹಿಡಿಕೆ ಕಡೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯ ಬಳಸಿದ ಡಿಸ್ಟನ್ ಗರಗಸಗಳು ಅಂಥವು. ಕೈಗರಗಸಕ್ಕೆ ಹೆಸರಾಗಿದ್ದ ಡಿಸ್ಟನ್, ದೋಣಿಗಳ ಮರ್ಕ್ಯುರಿ ಎಂಜಿನ್ ಮಾಡುತ್ತಿದ್ದ ಕೀಕ್‌ಹೇಫರ್ ಕಂಪನಿಯ ಎಂಜಿನ್ ಹಾಕಿ ಅವನ್ನು ತಯಾರಿಸಿತ್ತು.

ಇಬ್ಬರು ಹಿಡಿಯುವ ಈ ಗರಗಸಗಳಲ್ಲಿ ಒಂದು ಗುರುತಿದೆ, ನೋಡಿದವರು ಮರೆಯುವುದಿಲ್ಲ. ಬಾರನ್ನು ಅಡ್ಡಕ್ಕೂ ಉದ್ದಕ್ಕೂ ತಿರುಗಿಸಿ ಬಿಗಿ ಮಾಡುವ ಗೇರ್‌ಬಾಕ್ಸ್ ಇರುತ್ತದೆ. ನಿಂತ ಮರ ಕಡಿಯಬೇಕೆಂದರೆ ಬಾರ್ ಅಡ್ಡ ಮಲಗಬೇಕು, ಬಿದ್ದ ಮರ ತುಂಡರಿಸಬೇಕೆಂದರೆ ನೇರ ನಿಲ್ಲಬೇಕು. ಎಂಜಿನ್ ಮಾತ್ರ ಯಾವಾಗಲೂ ನೆಟ್ಟಗೇ ಇರಬೇಕು, ಏಕೆಂದರೆ ಅದರ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲಿನ ಪುಟ್ಟ ಬಟ್ಟಲು, ಅದರಲ್ಲೊಂದು ತೇಲುಗುಂಡು. ವಾಲಿಸಿದರೆ ಎಂಜಿನ್ ನಿಂತಿತು. ಬಟ್ಟಲಿನ ಜಾಗಕ್ಕೆ ಚರ್ಮದಂತೆ ಮಿದುವಾದ ತೆಳು ಡಯಾಫ್ರಾಮ್ ಬಂದ ಮೇಲೆ ಗರಗಸವನ್ನು ಮಗುಚಿ, ಓರೆಯಾಗಿ, ತಲೆಕೆಳಗಾಗಿ ಹಿಡಿದು ಕೊಯ್ಯುವುದು ಸಾಧ್ಯವಾಯಿತು. ಒಹಾಯೊ ರಾಜ್ಯದ ಟೊಲಿಡೊ ಊರಿನ ಟಿಲೊಟ್ಸನ್ ಕಂಪನಿಯ ಡಯಾಫ್ರಾಮ್ ಕಾರ್ಬ್ಯುರೇಟರ್‌ಗಳು ಎಷ್ಟೊಂದು ಬ್ರ್ಯಾಂಡುಗಳ ಹೊಟ್ಟೆಯಲ್ಲಿ ಕೂತಿವೆ ಎಂದರೆ, ಅದರ ಮೈಮೇಲೆ ಒತ್ತಿದ ಎಚ್‌ಎಲ್, ಎಚ್‌ಎಸ್ ಸಂಖ್ಯೆ ಹಿಡಿದೇ ಎಷ್ಟೋ ಅನಾಮಧೇಯ ಗರಗಸಗಳ ಹೆಸರು ಪತ್ತೆಯಾಗುತ್ತದೆ. ತಿರುಗುವ ಗೇರ್‌ಬಾಕ್ಸ್ ಕಂಡರೆ ತೇಲುಗುಂಡಿನ ಕಾಲದ್ದು ಎಂದು ಊಹಿಸಬಹುದು.

ಇನ್ನೊಂದು ಗುರುತು, ಎಂಜಿನ್ನಿಗೂ ಚೈನಿಗೂ ನಡುವೆ ಗೇರ್ ಇದೆಯೇ ಎಂಬುದು. ಹಳೆಯ ಗೇರಿನ ಗರಗಸಗಳಲ್ಲಿ ಚೈನ್ ನಿಧಾನ, ಹಿಡಿತ ಬಲ. 1959ರಲ್ಲಿ ಜರ್ಮನಿಯ ಸ್ಟಿಲ್ ಕಂಪನಿ ಕಾಂಟ್ರಾ ಎಂಬ ಗೇರಿಲ್ಲದ ಗರಗಸ ತಂದಿತು. ಆರು ಅಶ್ವಶಕ್ತಿ, ಸುಮಾರು 12 ಕಿಲೋ. ಅಮೆರಿಕದಲ್ಲಿ ಅದನ್ನು ಮಿಂಚು ಎಂಬ ಅರ್ಥ ಬರುವ ಲೈಟ್ನಿಂಗ್ ಹೆಸರಿನಲ್ಲಿ ಮಾರಿದರು. ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ಮಾಡಿದ ಮೊದಲ ಚೈನ್‌ಸಾ ವಿದ್ಯುತ್ತಿನದು, ಇಬ್ಬರು ಹಿಡಿಯಬೇಕಿದ್ದದ್ದು. ಅಲ್ಲಿಂದ ಕಾಂಟ್ರಾವರೆಗಿನ ಮೂವತ್ತಮೂರು ವರ್ಷಗಳಲ್ಲಿ ಚೈನ್‌ಸಾ ಎಂಬ ಯಂತ್ರಕ್ಕೆ ಈಗಿರುವ ಆಕಾರ ಬಂತು ಎಂದು ನನ್ನ ಭಾವನೆ.

ಆ ಮೂವತ್ತಮೂರು ವರ್ಷಗಳ ನಡುವೆ ನಡೆದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಮೊದಲ ಕಾಲದ ಚೈನ್‌ಗಳ ಹಲ್ಲು ಕೈಗರಗಸದ ಹಲ್ಲಿನ ಹಾಗೇ ಇರುತ್ತಿತ್ತು. ಕೊಯ್ಯುವ ಹಲ್ಲು ಬೇರೆ, ಪುಡಿ ಬಾಚುವ ಹಲ್ಲು ಬೇರೆ. ಅರ ಹಾಕಿ ಚೂಪು ಮಾಡುವುದರಲ್ಲೇ ದಿನದ ಒಳ್ಳೆಯ ಪಾಲು ಕಳೆಯುತ್ತಿತ್ತು. 1946ರಲ್ಲಿ ಅಮೆರಿಕದ ಆರೆಗಾನ್ ಕಾಡಿನಲ್ಲಿ ಜೋಸೆಫ್ ಕಾಕ್ಸ್ ಎಂಬಾತ ಒಂದು ಮರದ ಬುಡದಲ್ಲಿ ದುಂಬಿಯ ಹುಳು ಮರ ತಿನ್ನುವುದನ್ನು ನೋಡುತ್ತ ಕೂತ. ಆ ಹುಳು ನಾರಿನ ಗುಂಟವೂ ಅಡ್ಡಡ್ಡವೂ ಸಲೀಸಾಗಿ ಕೊರೆಯುತ್ತಿತ್ತು. ಅದರ ದವಡೆಗಳು ಬಾಗಿದ ಉಳಿಯಂತೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತರಿಸುತ್ತ ಸಾಗುತ್ತಿದ್ದವು. ಕಾಕ್ಸ್ ಅದೇ ರೀತಿ ಎಡ ಬಲ ಸರದಿಯಲ್ಲಿ ಬಾಗಿದ ಹಲ್ಲುಗಳಿರುವ ಚೈನ್ ಮಾಡಿದ. 1947ರಲ್ಲಿ ಅದು ಮಾರಾಟಕ್ಕೆ ಬಂತು. ಇವತ್ತು ಯಾವ ಗರಗಸಕ್ಕೆ ಹಾಕುವ ಚೈನ್ ನೋಡಿದರೂ ಆ ಹುಳುವಿನ ದವಡೆಯೇ ಕಾಣುತ್ತದೆ. ಹಳೆಯ ಗರಗಸದೊಂದಿಗೆ ಕೈಗರಗಸದ ಹಲ್ಲಿನ ಹಳೇ ಚೈನ್ ಸಿಕ್ಕರೆ ತುಕ್ಕು ಹಿಡಿದಿದ್ದರೂ ದಯವಿಟ್ಟು ಎಸೆಯಬೇಡಿ.

ಅಚ್ಚಿನಲ್ಲಿ ಮೂಡಿದ ಸಂಖ್ಯೆಗಳ ಬಗ್ಗೆ ಒಂದು ಎಚ್ಚರಿಕೆ. ಸ್ಟಿಲ್ ಬಿಡಿಭಾಗಗಳ ಮೇಲಿನ ಮೊದಲ ನಾಲ್ಕು ಅಂಕಿ ಅದು ಯಾವ ಸರಣಿಗಾಗಿ ಹುಟ್ಟಿದ್ದು ಎಂದು ಹೇಳುತ್ತದೆ. 1106 ಎಂದರೆ 070 ಮತ್ತು 090 ಮಾದರಿಗಳು, 1110 ಎಂದರೆ 041. ಆದರೆ ಒಂದು ಸರಣಿಯ ಭಾಗ ಇನ್ನೊಂದಕ್ಕೂ ಕೂರುವುದುಂಟು. ಆ ಸಂಖ್ಯೆ ಆ ಭಾಗದ ಹುಟ್ಟನ್ನು ಹೇಳುತ್ತದೆ, ಇಡೀ ಯಂತ್ರದ್ದನ್ನಲ್ಲ. ಅಮೆರಿಕದ ಸಿಯರ್ಸ್ ಅಂಗಡಿಗಳು ಕ್ರಾಫ್ಟ್ಸ್‌ಮನ್ ಎಂಬ ತಮ್ಮ ಹೆಸರಿನಲ್ಲಿ ಮಾರಿದ ಗರಗಸಗಳದು ಇನ್ನೊಂದು ಕತೆ. ಅವನ್ನು ಮಾಡಿದವರು ಬೇರೆಯವರು. ಮಾದರಿ ಸಂಖ್ಯೆ 358ರಿಂದ ಶುರುವಾದರೆ ಪೌಲನ್, 917 ಆದರೆ ರೋಪರ್. ಅಷ್ಟು ಗೊತ್ತಿದ್ದರೆ ಸಿಗದ ಬಿಡಿಭಾಗ ಮೂಲ ತಯಾರಕರ ಹೆಸರಿನಲ್ಲಿ ಸಿಕ್ಕೀತು.

ಇಷ್ಟು ಹೇಳುವಾಗ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಎಕ್ಸ್‌ಎಲ್-12 ಬರುವುದಕ್ಕೂ ಬಹಳ ಹಿಂದೆ ನನ್ನ ಹತ್ತಿರ ಒಂದು ಹಳದಿ ಮೆಕಲಾಕ್ ಇತ್ತು. ಸ್ಟಾರ್ಟರ್ ಕಡೆಯ ಕವಚ ಬಿರುಕು ಬಿಟ್ಟಿತ್ತು. ಯಾರೋ ಅದರ ಮೇಲೆ ಒಂದು ಹಿತ್ತಾಳೆ ಪಟ್ಟಿ ಇಟ್ಟು ರಿವೆಟ್ ಹೊಡೆದಿದ್ದರು. ಬಿರುಕಿನ ಎರಡೂ ತುದಿಯಲ್ಲಿ ಒಂದೊಂದು ಸಣ್ಣ ತೂತು. ನನ್ನ ಕಣ್ಣಿಗೆ ಅದೆಲ್ಲ ಅಂದಗೆಟ್ಟ ತೇಪೆ. ಬೇರೆ ಕಡೆಯಿಂದ ಚೊಕ್ಕಟವಾದ ಕವಚ ತರಿಸಿ ಹಾಕಿದೆ. ಹಳೆಯದನ್ನು ಗುಜರಿಗೆ ಕೊಟ್ಟೆ. ಮೈಗೆಲ್ಲ ಉಪ್ಪುಕಾಗದ ಉಜ್ಜಿ ಹೊಚ್ಚ ಹೊಸ ಹಳದಿ ಬಳಿದೆ. ಅಂಟುಚಿತ್ರಗಳನ್ನೂ ಹೊಸದಾಗಿ ಮಾಡಿಸಿ ಅಂಟಿಸಿದೆ. ನೋಡಿದವರೆಲ್ಲ ಮೆಚ್ಚಿದರು.

ಆಮೇಲೆ ಎಷ್ಟೋ ದಿನಕ್ಕೆ ಲೋಹದ ಕೆಲಸ ಬಲ್ಲ ಒಬ್ಬರ ಪಕ್ಕ ಕೂತು ಬೇರೇನೋ ನೋಡುತ್ತಿದ್ದೆ. ಬಿರುಕು ಬಿಟ್ಟ ತಗಡಿಗೆ ಅವರು ಮೊದಲು ಬಿರುಕು ನಿಂತ ಜಾಗದಲ್ಲಿ ತೂತು ಕೊರೆದರು. ಯಾಕೆ ಎಂದು ಕೇಳಿದೆ. ಬಿರುಕಿನ ತುದಿ ಚೂಪಾಗಿರುವವರೆಗೆ ಎಲ್ಲ ಒತ್ತಡ ಅಲ್ಲೇ ಬಂದು ಕೂರುತ್ತದೆ, ಅದು ಓಡುತ್ತಲೇ ಇರುತ್ತದೆ, ದುಂಡು ತೂತು ಕೊರೆದರೆ ಒತ್ತಡ ಸುತ್ತ ಹಂಚಿಹೋಗಿ ಬಿರುಕು ಅಲ್ಲೇ ನಿಲ್ಲುತ್ತದೆ ಎಂದರು. ನನ್ನ ಎದೆ ಧಸಕ್ಕೆಂದಿತು. ಆ ಹಳದಿ ಗರಗಸದ ಮೇಲಿದ್ದ ಎರಡು ತೂತು! ಎಲ್ಲೋ ಕಾಡಿನ ಬಿಡಾರದಲ್ಲಿ, ಕೈಗೆ ಸಿಕ್ಕ ಹಿತ್ತಾಳೆಯಲ್ಲಿ, ಲೋಹದ ಸ್ವಭಾವ ತಿಳಿದ ಮನುಷ್ಯನೊಬ್ಬ ಮಾಡಿದ ಅಚ್ಚುಕಟ್ಟಾದ ಕೆಲಸ ಅದು. ಆ ಯಂತ್ರದಲ್ಲಿ ಕಾರ್ಖಾನೆಯಿಂದ ಬಂದದ್ದಲ್ಲದೆ ಬೇರೊಬ್ಬರ ಬುದ್ಧಿ ಇದ್ದ ಒಂದೇ ಜಾಗವನ್ನು ನಾನು ಗುಜರಿಗೆ ಹಾಕಿದ್ದೆ. ಬಳಿದ ಹಳದಿ ಈಗಲೂ ಹೊಳೆಯುತ್ತದೆ. ಅದರ ಮುಂದೆ ಹೋದಾಗಲೆಲ್ಲ ನನಗೆ ಆ ಎರಡು ತೂತು ನೆನಪಾಗುತ್ತವೆ.

ಅಂದಿನಿಂದ ನನ್ನ ಕೆಲಸದ ಕ್ರಮ ಬದಲಾಯಿತು. ಯಂತ್ರ ಓಡಲು ಬೇಕಾದದ್ದನ್ನೆಲ್ಲ ಮಾಡುತ್ತೇನೆ, ನೋಡಲು ಚೆಂದ ಕಾಣಲಿ ಎಂದು ಏನನ್ನೂ ಮಾಡುವುದಿಲ್ಲ. ಜಿಡ್ಡು ತೆಗೆಯಲು ಮರದ ಕಡ್ಡಿ, ಮೆತ್ತನೆಯ ಬ್ರಷ್, ಸೀಮೆಎಣ್ಣೆ ಸಾಕು. ಹಳೆಯ ಗರಗಸಗಳ ಮೈ ಬಹುಪಾಲು ಮ್ಯಾಗ್ನೀಸಿಯಂ. ಆಮ್ಲ ಇರುವ ಕ್ಲೀನರ್ ತಾಗಿದರೆ ಅದು ಕಪ್ಪಾಗಿ ಕೊರೆದುಹೋಗುತ್ತದೆ. ಗ್ರೈಂಡರ್ ಹಿಡಿದು ಅದರ ಪುಡಿ ಎಬ್ಬಿಸುವುದು ಇನ್ನೂ ಅಪಾಯ. ಆ ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕಿ ಆರಿಸುವಂತಿಲ್ಲ, ಹಾಕಿದರೆ ಇನ್ನಷ್ಟು ಭುಗಿಲೇಳುತ್ತದೆ.

ಎಕ್ಸ್‌ಎಲ್-12ರ ಪಿಸ್ಟನ್ ಚೆನ್ನಾಗಿದ್ದರೂ ಕಿಡಿ ಇರಲಿಲ್ಲ. ಈ ಕಾಲದ ಗರಗಸಗಳಲ್ಲಿ ಫ್ಲೈವೀಲಿನ ಹಿಂದೆ ಕಿಡಿ ಹುಟ್ಟಿಸಲು ಬೇಕಾದ ಪಾಯಿಂಟ್ಸ್ (ವಿದ್ಯುತ್ತನ್ನು ಕೂಡಿಸಿ ಬಿಡಿಸುವ ಎರಡು ಲೋಹದ ಮುಖಗಳು) ಮತ್ತು ಕಂಡೆನ್ಸರ್ ಅಡಗಿ ಕೂತಿರುತ್ತವೆ. ಫ್ಲೈವೀಲ್ ಬಿಚ್ಚಲು ಸುತ್ತಿಗೆಯಿಂದ ಬಡಿಯುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ತಣ್ಣೀರಿಗೂ ಬಿಸಿನೀರಿಗೂ ಜಗ್ಗದ ಫ್ಲೈವೀಲ್ ಉಂಟು ನಿಜ, ಆದರೆ ಎಳೆದು ಬಿಡಿಸುವ ಸರಿಯಾದ ಪುಲ್ಲರಿಗೆ ಜಗ್ಗದ್ದು ಅಪರೂಪ. ಪಾಯಿಂಟ್ಸ್ ಕೆಡುವುದು ಹೆಚ್ಚಾಗಿ ಸವೆತದಿಂದಲ್ಲ, ಸುಮ್ಮನೆ ಕೂತಿದ್ದರಿಂದ. ಎರಡು ಮುಖಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಬೆಳೆದು ವಿದ್ಯುತ್ತನ್ನು ತಡೆಯುತ್ತದೆ. ಸಣ್ಣ ಅರದಿಂದ ಒಂದೆರಡು ಸಲ ಸವರಿ, ಆಮೇಲೆ ದ್ರಾವಕದಲ್ಲಿ ಅದ್ದಿದ ದಪ್ಪ ಕಾಗದ ಎಳೆದು ಒರೆಸಬೇಕು. ಬೆರಳಿನ ಜಿಡ್ಡು ತಾಗಿದರೂ ಕಿಡಿ ಮತ್ತೆ ಮಾಯ. ನಡುವಿನ ಅಂತರ 0.015 ಇಂಚು, ಅಂದರೆ 0.38 ಮಿ.ಮೀ. ಹೊಂದಿಸಿ ಫ್ಲೈವೀಲ್ ತಿರುಗಿಸಿದಾಗ ಪ್ಲಗ್ಗಿನ ತುದಿಯಲ್ಲಿ ನೀಲಿ ಚಿಟಿಕೆ ಕಂಡಿತು. ಮೂರು ಗಂಟೆಯ ಕೆಲಸಕ್ಕೆ ಅಷ್ಟೇ ಫಲ, ಅಷ್ಟಕ್ಕೇ ನಾನು ಕುರ್ಚಿಯಿಂದ ಎದ್ದು ಓಡಾಡಿದೆ.

ಕಾರ್ಬ್ಯುರೇಟರಿನ ಡಯಾಫ್ರಾಮ್ ಒಣಗಿದ ಎಲೆಯ ಹಾಗೆ ಚಟಪಟ ಎನ್ನುತ್ತಿತ್ತು. ಮಿದುವಾಗಿದ್ದು ಉಸಿರಿಗೂ ಅಲುಗಬೇಕಾದ ವಸ್ತು ಅದು. ಹೊಸ ಕಿಟ್ ಹಾಕಿದೆ. ಗ್ಯಾಸ್ಕೆಟ್ ಮೇಲೋ ಡಯಾಫ್ರಾಮ್ ಮೇಲೋ ಎಂಬ ಕ್ರಮ ತಪ್ಪಿದರೆ ಪೆಟ್ರೋಲ್ ಬರುವುದೇ ಇಲ್ಲ, ಬಿಚ್ಚುವಾಗಲೇ ಫೋಟೊ ತೆಗೆದಿಟ್ಟುಕೊಳ್ಳಿ. ಪೆಟ್ರೋಲ್ ಪೈಪ್ ಮುಟ್ಟಿದರೆ ಬೆಲ್ಲದ ಪಾಕದಂತೆ ಅಂಟುತ್ತಿತ್ತು. ಅದನ್ನೂ, ಕ್ರ್ಯಾಂಕಿನ ಎರಡು ಸೀಲುಗಳನ್ನೂ ಬದಲಿಸಿದೆ. ಸೀಲಿನ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಗಟ್ಟಿಯಾದ ಸೀಲಿನ ಮೂಲಕ ನುಸುಳುವ ಗಾಳಿ ಮಿಶ್ರಣವನ್ನು ತೆಳುವಾಗಿಸಿ, ಆರಂಭದಲ್ಲಿ ಹೇಳಿದ ಆ ಎಕ್ಸಾಸ್ಟ್ ಕಡೆಯ ಗೀರುಗಳನ್ನು ಹತ್ತು ನಿಮಿಷದಲ್ಲಿ ಎಳೆದುಬಿಡುತ್ತದೆ.

ಗೀರು ಬಿದ್ದ ಸಿಲಿಂಡರ್ ಎಲ್ಲವೂ ಸತ್ತಂತಲ್ಲ. ಸಿಲಿಂಡರಿನ ಒಳಮೈಗೆ ಗಟ್ಟಿ ಕ್ರೋಮ್ ಲೇಪನವಿದ್ದರೆ, ನಮಗೆ ಗೀರಿನಂತೆ ಕಾಣುವುದು ಎಷ್ಟೋ ಸಲ ಪಿಸ್ಟನ್ನಿನಿಂದ ಕರಗಿ ಅಂಟಿದ ಅಲ್ಯೂಮಿನಿಯಂ. ಕಾಸ್ಟಿಕ್ ಸೋಡಾ ದ್ರಾವಣವನ್ನು ಹತ್ತಿಕಡ್ಡಿಯ ತುದಿಯಲ್ಲಿ ಆ ಗೆರೆಗೆ ಮಾತ್ರ ಮುಟ್ಟಿಸಿದರೆ ಅಲ್ಯೂಮಿನಿಯಂ ನೊರೆಯಾಗಿ ಹೋಗಿ ಕೆಳಗಿನ ಕ್ರೋಮ್ ಹಾಗೇ ಉಳಿಯುತ್ತದೆ. ಕೈಗವಸು, ಕನ್ನಡಕ, ಬಯಲು ಗಾಳಿ ಬೇಕೇ ಬೇಕು. ಲೇಪನ ಕಿತ್ತುಹೋದ ಜಾಗದಲ್ಲಿ, ಕಿಂಡಿಗಳ ಅಂಚಿನಲ್ಲಿ ದ್ರಾವಣ ತಾಗಿದರೆ ಅದು ಸಿಲಿಂಡರನ್ನೇ ತಿನ್ನತೊಡಗುತ್ತದೆ. ನೊರೆ ನಿಂತ ಕೂಡಲೇ ನೀರಿನಲ್ಲಿ ತೊಳೆದು ಬೆರಳ ತುದಿ ಆಡಿಸಿ ನೋಡಬೇಕು. ಉಗುರಿಗೆ ಏನೂ ಸಿಕ್ಕದಿದ್ದರೆ ಆ ಸಿಲಿಂಡರ್ ಉಳಿಯಿತು.

ಪೆಟ್ರೋಲಿಗೆ ಎಷ್ಟು ಆಯಿಲ್ ಎಂಬುದರ ಮೇಲೆ ಸಂಗ್ರಾಹಕರಲ್ಲಿ ಮುಗಿಯದ ಚರ್ಚೆ ಇದೆ. ಹಳೆಯ ಫಲಕಗಳ ಮೇಲೆ 16ಕ್ಕೆ 1 ಎಂದು ಬರೆದಿರುತ್ತದೆ. ಅದು ಆ ಕಾಲದ ಸಾಮಾನ್ಯ ಮೋಟಾರ್ ಆಯಿಲಿಗೆ ಹೇಳಿದ ಲೆಕ್ಕ. ಇವತ್ತಿನ ಟು ಸ್ಟ್ರೋಕ್ ಆಯಿಲಿಗೆ 32ಕ್ಕೆ 1 ಸಾಕೆಂದು ನನ್ನ ಅನುಭವ. ಆಯಿಲ್ ಹೆಚ್ಚಿದಷ್ಟೂ ಒಳ್ಳೆಯದು ಎಂದು ನಂಬಿ ಸುರಿಯುವವರು ಒಂದನ್ನು ಮರೆಯುತ್ತಾರೆ. ಕಾರ್ಬ್ಯುರೇಟರಿನ ಅದೇ ತೂತಿನಲ್ಲಿ ಆಯಿಲ್ ಹೆಚ್ಚು ಹರಿದರೆ ಪೆಟ್ರೋಲ್ ಅಷ್ಟು ಕಡಿಮೆ ಹರಿಯುತ್ತದೆ, ಹರಿವು ತಿದ್ದುವ ಸೂಜಿಗಳನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಹೊಂದಿಸುವಾಗ ನಾನು ಕಿವಿಯನ್ನೇ ನೆಚ್ಚುತ್ತೇನೆ. ಪೂರ್ತಿ ಥ್ರಾಟಲ್ ಕೊಟ್ಟಾಗ, ಮರ ಮುಟ್ಟುವ ಮೊದಲು, ಎಂಜಿನ್ ಗೊರಗೊರ ಎಂದು ತೊದಲಬೇಕು. ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಿದ್ದು ಒಂದು ಬಿಟ್ಟು ಒಂದು ಸುತ್ತಿನಲ್ಲಿ ಮಾತ್ರ ಹೊತ್ತಿಕೊಳ್ಳುವುದರಿಂದ ಬರುವ ತೊದಲು ಅದು. ಚೈನ್ ಮರಕ್ಕೆ ಇಳಿದ ಕ್ಷಣ ತೊದಲು ನಿಂತು ಸ್ವರ ನೇರವಾಗಬೇಕು. ಬರಿಗಾಳಿಯಲ್ಲೇ ಕಿರುಚುವ ಗರಗಸ ತನ್ನನ್ನೇ ಸುಟ್ಟುಕೊಳ್ಳುತ್ತಿದೆ ಎಂದರ್ಥ.

ಈಗ ಬೆಲೆಯ ಮಾತು, ಇದನ್ನೇ ಎಲ್ಲರೂ ಮೊದಲು ಕೇಳುವುದು. ಹಳೆಯದಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಎಕ್ಸ್‌ಎಲ್-12 ಅಪಾರ ಸಂಖ್ಯೆಯಲ್ಲಿ ತಯಾರಾದ ಯಂತ್ರ. ಅದಕ್ಕೆ ನಾನು ಹಾಕಿದ ಸೀಲು, ಕಿಟ್ಟು, ಪೈಪುಗಳ ಖರ್ಚೇ ಅದರ ಮಾರುಕಟ್ಟೆ ಬೆಲೆಯನ್ನು ದಾಟಿತು, ನನ್ನ ಸಮಯ ಬಿಡಿ. ಬೇಡಿಕೆ ಇರುವುದು ಒಂದೆಡೆ ಅಪರೂಪದವಕ್ಕೆ, ಇನ್ನೊಂದೆಡೆ ಇಂದಿಗೂ ದುಡಿಯಬಲ್ಲ ದೊಡ್ಡ ಎಂಜಿನ್ನಿನವಕ್ಕೆ. 106 ಸಿ.ಸಿ.ಯ ಸ್ಟಿಲ್ 070, 137 ಸಿ.ಸಿ.ಯ 090, ಮೆಕಲಾಕಿನ 123 ಸಿ.ಸಿ.ಯ 125 ಇವನ್ನು ದಿಮ್ಮಿಯಿಂದ ಹಲಗೆ ಸೀಳುವವರು ಈಗಲೂ ಹುಡುಕುತ್ತಾರೆ. ಹುಡುಕುವವರು ಹೆಚ್ಚಿದ್ದರಿಂದಲೇ 070ರ ತದ್ರೂಪು ಯಂತ್ರಗಳೂ ಭಾಗಗಳೂ ಮಾರುಕಟ್ಟೆಗೆ ಬಂದಿವೆ. ಎರಕದ ನಯ, ಅಚ್ಚಾದ ಅಕ್ಷರಗಳ ಅಂಚು, ಸ್ಕ್ರೂಗಳ ಗುಣ ಇವನ್ನು ಬೆರಳಿನಿಂದ ತಡವಿ ನೋಡದೆ ದೊಡ್ಡ ಮೊತ್ತ ಕೊಡಬೇಡಿ.

ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಇದ್ದರೆ ಥ್ರಾಟಲ್ ಪೂರ್ತಿ ತೆರೆದು ಆರೇಳು ಸಲ ಎಳೆದು ನೋಡಿ. 150 ಪಿಎಸ್‌ಐ ಆಸುಪಾಸು ಬಂದರೆ ಸಂತೋಷ, 100ಕ್ಕಿಂತ ಕೆಳಗಿದ್ದರೆ ರಿಂಗಿನ ಖರ್ಚು ಸೇರಿಸಿಕೊಂಡು ಮಾತಾಡಿ. ಗೇಜ್ ಇಲ್ಲದಿದ್ದರೆ ಸ್ಟಾರ್ಟರ್ ಹಿಡಿಕೆ ಹಿಡಿದು ಗರಗಸವನ್ನು ತೂಗಿಬಿಡಿ. ಒಳ್ಳೆಯ ಎಂಜಿನ್ ನಿಂತು ನಿಂತು ಇಳಿಯುತ್ತದೆ, ಸತ್ತದ್ದು ಸರ್ರನೆ ನೆಲ ಮುಟ್ಟುತ್ತದೆ. ಮೂಲ ಬಣ್ಣ, ಮೂಲ ಅಂಟುಚಿತ್ರ, ಫಿಲ್ಟರ್ ಮುಚ್ಚಳ, ಫಲಕ ಇವು ಇದ್ದರೆ ಬೆಲೆ ಏರುತ್ತದೆ. ಸಣ್ಣ ಪ್ಲಾಸ್ಟಿಕ್ ಗುಂಡಿಯೊಂದು ಇಲ್ಲವೆಂದು ವರ್ಷಗಟ್ಟಲೆ ಹುಡುಕಿದ್ದೇನೆ. ಸಂಗ್ರಾಹಕರು ಹೊಸ ಬಣ್ಣಕ್ಕಿಂತ ಸವೆದ ಮೂಲ ಬಣ್ಣಕ್ಕೆ ಹೆಚ್ಚು ಕೊಡುವುದನ್ನು ನೋಡಿದಾಗ ನನ್ನ ಹಳದಿ ಮೆಕಲಾಕಿನ ಮೇಲೆ ನಾನು ಕಳೆದದ್ದು ಹಣ ಕೂಡ ಎಂದು ತಿಳಿಯಿತು. ಬಿಡಿಸಿ ಬಿಡಿಭಾಗಗಳಾಗಿ ಮಾರಿದರೆ ಇಡೀ ಯಂತ್ರಕ್ಕಿಂತ ಹೆಚ್ಚು ಬರುತ್ತದೆ ಎಂದು ಚೆನ್ನಾಗಿ ಓಡುವ ಗರಗಸವನ್ನೇ ಬಿಚ್ಚುವವರಿದ್ದಾರೆ. ಅವರ ಲೆಕ್ಕ ಸರಿಯಿರಬಹುದು. ನನ್ನಿಂದ ಆಗದು.

ಬೆಲೆಯ ಮಾತಿನ ನಡುವೆ ನೆನಪಾದದ್ದು: ಮೆಕಲಾಕ್ ಗರಗಸಗಳ ಒಡೆಯ ರಾಬರ್ಟ್ ಮೆಕಲಾಕ್ 1968ರಲ್ಲಿ ಲಂಡನ್ ಸೇತುವೆಯನ್ನೇ 24,60,000 ಡಾಲರಿಗೆ ಕೊಂಡವನು. ಕಲ್ಲುಗಳಿಗೆ ನಂಬರ್ ಹಾಕಿ ಅರಿಜೋನದ ಲೇಕ್ ಹವಾಸು ನಗರಕ್ಕೆ ಸಾಗಿಸಿ 1971ರಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ. ಬಿಚ್ಚಿದ ಪ್ರತಿಯೊಂದಕ್ಕೂ ಗುರುತು ಹಾಕುವುದನ್ನು ನಾನು ಅಲ್ಲಿಂದಲೇ ಕಲಿತೆ ಎನ್ನಲಾರೆ, ಆದರೆ ಸ್ಕ್ರೂಗಳನ್ನು ಚೀಟಿ ಬರೆದ ಡಬ್ಬಿಗಳಿಗೆ ಹಾಕುವಾಗ ಆ ಕಲ್ಲುಗಳ ನೆನಪಾಗುತ್ತದೆ.

ಇಂಥ ಗರಗಸ ಕೊಳ್ಳುವ ಮನಸ್ಸಿದ್ದವರು ತಿಳಿದಿರಬೇಕಾದದ್ದು ಇನ್ನೊಂದಿದೆ. 1970ರ ದಶಕಕ್ಕೆ ಮೊದಲಿನ ಯಂತ್ರಗಳಲ್ಲಿ ಚೈನ್ ಬ್ರೇಕ್ ಇರುವುದಿಲ್ಲ. ಬಾರಿನ ಮೂಗಿನ ಮೇಲ್ಭಾಗ ಎಲ್ಲಾದರೂ ತಾಗಿದರೆ ಗರಗಸ ಹಿಂದಕ್ಕೆ ಮುಖದ ಕಡೆ ಚಿಮ್ಮುತ್ತದೆ, ತಡೆಯಲು ಏನೂ ಇಲ್ಲ. ರಬ್ಬರಿನ ಮೇಲೆ ಕೂರಿಸಿದ ಹಿಡಿಕೆ ಬರುವುದಕ್ಕೂ ಮೊದಲಿನವು ಇಡೀ ನಡುಕವನ್ನು ಕೈಗೆ ದಾಟಿಸುತ್ತಿದ್ದವು. ದಿನವಿಡೀ ಅವನ್ನು ಹಿಡಿದು ದುಡಿದವರ ಬೆರಳುಗಳ ರಕ್ತನಾಳ ಕೆಟ್ಟು, ಚಳಿಯಲ್ಲಿ ಬೆರಳು ಸುಣ್ಣದಂತೆ ಬೆಳ್ಳಗಾಗಿ ಮರಗಟ್ಟುತ್ತಿದ್ದವು. ಬಿಳಿಬೆರಳಿನ ಕಾಯಿಲೆ ಎಂದೇ ಅದಕ್ಕೆ ಹೆಸರು. ಹಳೆಯ ಗರಗಸದ ಸದ್ದಿಗೆ ಮನಸೋತ ನಾನು ಆ ಬೆರಳುಗಳನ್ನು ಮರೆತು ಅದನ್ನು ಹೊಗಳಬಾರದು. ಕಿವಿ, ಕಣ್ಣು, ಕಾಲಿನ ರಕ್ಷಣೆ ಹಾಕಿ, ಸ್ಟ್ಯಾಂಡಿನ ಮೇಲಿಟ್ಟ ದಿಮ್ಮಿಯಲ್ಲಿ ಒಂದೆರಡು ಕೊಯ್ತ, ಅಷ್ಟೆ. ಯಾರಿಗೂ ಎರವಲು ಕೊಡುವುದಿಲ್ಲ.

ಎಕ್ಸ್‌ಎಲ್-12 ಜೋಡಿಸಿ ಮುಗಿಸುವಾಗ ಕಾರ್ಬ್ಯುರೇಟರ್ ಕೋಣೆಯಲ್ಲಿ ಒಂದು ನಟ್ ಕಣ್ಣಿಗೆ ಬಿತ್ತು. ಬಿಚ್ಚುವಾಗ ಜಿಡ್ಡಿನಲ್ಲಿ ಗಮನಿಸಿರಲಿಲ್ಲ. ಕಾರ್ಖಾನೆಯ ನಟ್ ಅದಲ್ಲ. ಆರು ಮುಖಗಳೂ ಒಂದೇ ಅಗಲವಿಲ್ಲ, ಪ್ರತಿ ಮುಖದಲ್ಲೂ ಅರದ ಓರೆ ಗೆರೆಗಳು. ದೊಡ್ಡ ನಟ್ ಕೂರದ ಇಕ್ಕಟ್ಟಿಗೆ ಯಾರೋ ಅದನ್ನು ಕೈಯಲ್ಲೇ ಸವೆಸಿ ಹೊಂದಿಸಿದ್ದರು. ಒಂದು ಸುತ್ತೂ ಸಡಿಲವಿಲ್ಲದೆ ಬಿಗಿಯಾಗಿ ಹಿಡಿದಿತ್ತು. ಸರಿಯಾದ ಹೊಸ ನಟ್ ನನ್ನ ಡಬ್ಬಿಯಲ್ಲಿತ್ತು. ಅದನ್ನು ತೆಗೆದವನು ಮತ್ತೆ ಡಬ್ಬಿಗೇ ಹಾಕಿದೆ.

ನಾಲ್ಕನೇ ಎಳೆತಕ್ಕೆ ಎಂಜಿನ್ ಕೆಮ್ಮಿತು, ಏಳನೆಯದಕ್ಕೆ ಹಿಡಿದುಕೊಂಡಿತು. ಒಂದು ದಿಮ್ಮಿ ಕೊಯ್ದೆ. ಪುಡಿ ಉದ್ದುದ್ದ ಚೂರಾಗಿ ಕಾಲ ಮೇಲೆ ಬಿತ್ತು, ಚೈನ್ ಚೂಪಾಗಿದೆ ಎಂದು ಸಮಾಧಾನವಾಯಿತು. ಆರಿಸಿ, ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದೂ ಉರಿದು ಮುಗಿಯುವವರೆಗೆ ಓಡಿಸಿದೆ. ನನ್ನ ಪ್ರತಿ ಗರಗಸದ ಹಿಡಿಕೆಗೂ ಒಂದು ಚೀಟಿ ಕಟ್ಟುವ ರೂಢಿ ಇದೆ, ಏನು ಬದಲಿಸಿದೆ, ಏನು ಮೂಲದ್ದು ಎಂದು. ಇದರದನ್ನು ಬರೆದು ದಾರ ಕಟ್ಟಿ ಶೆಲ್ಫಿನಲ್ಲಿಟ್ಟೆ:

"ಹೋಮ್‌ಲೈಟ್ ಎಕ್ಸ್‌ಎಲ್-12. 54 ಸಿ.ಸಿ. ಪಿಸ್ಟನ್, ರಿಂಗ್, ಸಿಲಿಂಡರ್ ಮೂಲದ್ದು. ಸೀಲು, ಡಯಾಫ್ರಾಮ್, ಪೆಟ್ರೋಲ್ ಪೈಪ್ ಹೊಸದು. ಬಣ್ಣ ಮುಟ್ಟಿಲ್ಲ. ಕಾರ್ಬ್ಯುರೇಟರ್ ಕೋಣೆಯ ಎಡಗಡೆ ನಟ್ ಯಾರೋ ಅರ ಹಿಡಿದು ಮಾಡಿದ್ದು. ಬಿಗಿಯಾಗಿದೆ, ಬದಲಿಸಬೇಡಿ."